ಅಪ್‌ಡೇಟ್: ನನ್ನ ಕಿರಿದಾದ ನೋಟಕ್ಕೆ ಕೊನೆಗೂ ಒಪ್ಪಿದ ಮಾನಿಟರ್

ಅಂಚಿನ ನೋಟವನ್ನು ಮೆಲ್ಲಗೆ ಕಸಿಯುವ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆಯಿಂದ ನನ್ನ ದೃಷ್ಟಿಕ್ಷೇತ್ರ (ಕಣ್ಣು ಕದಲಿಸದೆ ಕಾಣುವಷ್ಟು ಅಗಲ) ಸುಮಾರು 20 ಡಿಗ್ರಿಗೆ ಇಳಿದಿದೆ, ಕರಡು ತಿದ್ದುವ ಕೆಲಸಕ್ಕೆ ಯಾವ ಮಾನಿಟರ್ ಕೊಳ್ಳಲಿ ಎಂದು ಕಳೆದ ತಿಂಗಳು ಕೇಳಿದ್ದೆ. ಹೆಚ್ಚಿನವರು 34 ಇಂಚಿನ ಅಗಲ ಪರದೆಯನ್ನು ಸೂಚಿಸಿದರು. ಒಬ್ಬರು ಮಾತ್ರ ‘ಚಿಕ್ಕದನ್ನು ಕೊಂಡು ದೂರವಿಡಿ’ ಎಂದಿದ್ದರು. ಅವರ ಮಾತೇ ಸರಿಯಾಯಿತು.

ಗೆಳೆಯನ ಮನೆಯಲ್ಲಿ ಅಗಲ ಪರದೆಯ ಮುಂದೆ ಒಂದು ಗಂಟೆ ಕುಳಿತು ನೋಡಿದೆ. ಸುಮಾರು 80 ಸೆಂ.ಮೀ. ಉದ್ದಕ್ಕೂ ಸಾಲು ಹಿಡಿದು ಹೋಗುವಷ್ಟರಲ್ಲಿ ಅದರ ಆರಂಭ ಕೈತಪ್ಪುತ್ತಿತ್ತು, ಕತ್ತು ಸೋತುಹೋಯಿತು. ಆಮೇಲೆ ಲೆಕ್ಕ ಹಾಕಿದೆ. 60 ಸೆಂ.ಮೀ. ದೂರದಲ್ಲಿ 20 ಡಿಗ್ರಿಯೊಳಗೆ ಹಿಡಿಸುವುದು 21 ಸೆಂ.ಮೀ. ಅಗಲವಷ್ಟೇ, 90ಕ್ಕೆ ಹಿಂದೆ ಸರಿದರೆ ಅದು 32 ಆಗುತ್ತದೆ. 24 ಇಂಚಿನ ಮಾನಿಟರನ್ನು ನೆಟ್ಟಗೆ ತಿರುಗಿಸಿ ನಿಲ್ಲಿಸಿದರೆ ಅದರ ಅಗಲ 30 ಸೆಂ.ಮೀ.! ಇಡೀ ಸಾಲು ಒಂದೇ ನೋಟಕ್ಕೆ ಸಿಕ್ಕ ದಿನ ನನಗೆ ಕಣ್ಣು ತುಂಬಿ ಬಂತು.

ದೂರವಿಟ್ಟಾಗ ಒತ್ತಕ್ಷರಗಳು ಕಲೆಸಿಹೋಗಬಾರದು. ನನ್ನ ನಡುನೋಟ ಇನ್ನೂ ಚುರುಕಾಗಿರುವುದರಿಂದ ಅಕ್ಷರಗಳನ್ನು ಹೆಚ್ಚು ಚುಕ್ಕಿಗಳಲ್ಲಿ ಸ್ಪಷ್ಟವಾಗಿ ತೋರಿಸುವ 4ಕೆ ಪರದೆ ಇರುವುದನ್ನೇ ಹುಡುಕಿ ತಂದೆ. ತಿರುಗಿಸಿ ನಿಲ್ಲಿಸುವವರು ಐಪಿಎಸ್ ಎಂಬ ಬಗೆಯ ಪರದೆ ಕೊಳ್ಳುವುದು ಒಳ್ಳೆಯದು, ಓರೆಯಿಂದ ನೋಡಿದರೂ ಬಣ್ಣ ಹೆಚ್ಚು ಕೆಡುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಇಟ್ಟುಕೊಂಡಿದ್ದೇನೆ.

ಮೌಸಿನ ಬಾಣ ಮಾತ್ರ ಈಗಲೂ ಕಳೆದುಹೋಗುತ್ತದೆ. ಅದನ್ನು ದೊಡ್ಡದಾಗಿ, ಹಳದಿಯಾಗಿ ಮಾಡಿದ್ದೇನೆ; ಕಂಟ್ರೋಲ್ ಕೀಲಿ ಒತ್ತಿದರೆ ಬಾಣದ ಸುತ್ತ ವೃತ್ತ ಮೂಡುವ ಸೌಲಭ್ಯ ವಿಂಡೋಸಿನಲ್ಲಿಯೇ ಇದೆ. ಚಿಕ್ಕದನ್ನು ಕೊಳ್ಳಿ ಎಂದವರಿಗೆ ನಾನು ಋಣಿ.