ಇನ್‌ಸ್ಟಾಗ್ರಾಂ ತುಂಬ "ಹಲೋ ಡಿಯರ್", ಹಪ್ಪಳದ ಆರ್ಡರ್ ಹುಡುಕುವುದು ಹೇಗೆ?

ಕಟಪಾಡಿ ಹಪ್ಪಳ:
ಏಪ್ರಿಲ್, ಮೇಯಲ್ಲಿ ಹಲಸಿನ ಹಪ್ಪಳ ಮಾಡಿ ಒಣಗಿಸಿಟ್ಟು, ಮಳೆ ಹಿಡಿದ ಮೇಲೆ ಇನ್‌ಸ್ಟಾಗ್ರಾಂನಲ್ಲಿ ಮಾರುತ್ತೇನೆ. ಈಗ ಸೀಸನ್. ಬೆಳಿಗ್ಗೆ ಎದ್ದು ಮೆಸೇಜ್ ರಿಕ್ವೆಸ್ಟ್ (ಗುರುತಿಲ್ಲದವರ ಮೆಸೇಜ್ ಬೀಳುವ ಜಾಗ) ತೆಗೆದರೆ ಇಪ್ಪತ್ತು, ಮೂವತ್ತು ಬಂದಿರುತ್ತವೆ. ಒಬ್ಬ "ಹಲೋ ಡಿಯರ್, ನಿಮ್ಮ ಜ್ಯುವೆಲರಿ ತುಂಬ ಚಂದ, ನಮ್ಮ ಪೇಜಿನಲ್ಲಿ ಹಾಕುವಾ" ಎನ್ನುತ್ತಾನೆ. ಹಪ್ಪಳವನ್ನು ಕಿವಿಗೆ ಹಾಕುತ್ತಾರಾ ಮಾರಾಯ್ರೆ? ನಿನ್ನೆ ಇನ್ನೊಂದು: "ಕಾಪಿರೈಟ್ ದೂರು ಬಂದಿದೆ, 24 ಗಂಟೆಯಲ್ಲಿ ಅಕೌಂಟ್ ಬಂದ್, ಈ ಲಿಂಕ್ ಒತ್ತಿ".

ಇದರ ನಡುವೆ ಡೊಂಬಿವಲಿಯವರೊಬ್ಬರು ಉಪನಯನಕ್ಕೆ 200 ಹಪ್ಪಳ ಕೇಳಿದ್ದು ಒಂಬತ್ತು ದಿನ ಅಡಿಯಲ್ಲೇ ಬಿದ್ದಿತ್ತು. ನಾನು ನೋಡುವಷ್ಟರಲ್ಲಿ ಅವರು ಬೇರೆ ಕಡೆ ತಗೊಂಡಾಗಿತ್ತು. ರಿಕ್ವೆಸ್ಟೇ ಬಂದ್ ಮಾಡಿದರೆ ಗಿರಾಕಿಯೂ ಬಂದ್. ಎಂತ ಮಾಡುವುದು?

ಸುರತ್ಕಲ್ ಸರ್ವಿಸ್ ಬಸ್:
1909ಕ್ಕೆ ಡಿಎನ್‌ಡಿ (ಜಾಹೀರಾತು ಬೇಡ ಅಂತ ನೋಂದಣಿ) ಹಾಕಿ ಅಕ್ಕ, ಎಲ್ಲ ನಿಲ್ಲುತ್ತದೆ.

ಮಣಿಪಾಲ ನೈಟ್‌ಶಿಫ್ಟ್:
ಅದು ಕಾಲ್, ಎಸ್‌ಎಂಎಸ್‌ಗೆ ಮಾತ್ರ. ಇಲ್ಲಿ ನಡೆಯುವುದಿಲ್ಲ.

ಅಕ್ಕ, ನೀವು ಹ್ಯಾಂಡ್‌ಮೇಡ್ ಅಂತ ಹ್ಯಾಶ್‌ಟ್ಯಾಗ್ ಹಾಕುತ್ತೀರಿ ಅಲ್ವಾ? ಬಾಟ್, ಅಂದರೆ ತಾನೇ ಮೆಸೇಜ್ ಕಳಿಸುವ ಪ್ರೋಗ್ರಾಂ, ಅದನ್ನೇ ಹಿಡಿದು ಬರುತ್ತದೆ, ಫೋಟೋ ನೋಡುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಹಿಡನ್ ವರ್ಡ್ಸ್ ಅಂತ ಉಂಟು. ಅಲ್ಲಿ ಕೊಲ್ಯಾಬ್, ಪ್ರಮೋಷನ್, ಕ್ರಿಪ್ಟೊ ಇಂಥ ಪದಗಳನ್ನು ಇಂಗ್ಲಿಷಿನಲ್ಲೇ ಸೇರಿಸಿ. ಆ ಪದ ಇರುವ ರಿಕ್ವೆಸ್ಟ್ ಬೇರೆ ಫೋಲ್ಡರಿಗೆ ಹೋಗುತ್ತದೆ. "ಪ್ರೈಸ್" ಮಾತ್ರ ಸೇರಿಸಬೇಡಿ, ಗಿರಾಕಿಗಳು ಕೇಳುವುದೇ ಅದು. ವಾರಕ್ಕೊಮ್ಮೆ ಆ ಫೋಲ್ಡರನ್ನೂ ಇಣುಕಿ.

ಕಾಪಿರೈಟ್ ಮೆಸೇಜ್ ಪಾಸ್‌ವರ್ಡ್ ಕದಿಯುವ ಕೆಲಸ. ರಿಪೋರ್ಟ್ ಮಾಡಿ ಬಿಡಿ. ಇನ್‌ಸ್ಟಾಗ್ರಾಂ ನಿಜವಾಗಿ ಕಳಿಸಿದ ಇಮೇಲ್‌ಗಳ ಪಟ್ಟಿ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ಲಿಂಕ್ ಒತ್ತಿ ದುಡ್ಡೇನಾದರೂ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು, ಬೇಜಾರು ಮಾಡಬೇಡಿ. ಹೋದ ವಾರ ರಾತ್ರಿ ಎರಡೂವರೆಗೆ ನಿಮ್ಮ ಅಕೌಂಟಿನಿಂದ ನನಗೆ "ಹಾಯ್ ಡಿಯರ್, ಹಪ್ಪಳ ಬೇಕಾ" ಅಂತ ಬಂದಿತ್ತು. ಮೂರು ಸಲ. ನಾನು ನಿಮ್ಮ ಫಾಲೋವರ್ ಕೂಡ ಅಲ್ಲ.

ಕಟಪಾಡಿ ಹಪ್ಪಳ:
ಅಯ್ಯೋ, ನಾನು ಒಂಬತ್ತೂವರೆಗೆ ಮಲಗುವವಳು! ರಜೆಯಲ್ಲಿ ಬಂದಿದ್ದ ತಂಗಿ ಮಗ "ಫಾಲೋವರ್ಸ್ ಜಾಸ್ತಿ ಮಾಡಿಕೊಡ್ತೇನೆ ದೊಡ್ಡಮ್ಮ" ಅಂತ ಯಾವುದೋ ಆ್ಯಪಿಗೆ ನನ್ನ ಪಾಸ್‌ವರ್ಡ್ ಹಾಕಿದ್ದ. ಅದು ಇನ್ನೂ ಓಡುತ್ತಾ ಉಂಟಾ?

ಮಣಿಪಾಲ ನೈಟ್‌ಶಿಫ್ಟ್:
ಉಂಟಲ್ಲ, ನಿದ್ದೆ ಇಲ್ಲದೆ. ಸರಿಯಾದ ಟೂಲ್ ಪಾಸ್‌ವರ್ಡ್ ಕೇಳುವುದಿಲ್ಲ, ಇನ್‌ಸ್ಟಾಗ್ರಾಂನ ಪುಟದಲ್ಲೇ ಅನುಮತಿ ಕೇಳುತ್ತದೆ. ಗಿರಾಕಿ ಮೊದಲು ಮೆಸೇಜ್ ಹಾಕಿದರೆ 24 ಗಂಟೆಯೊಳಗೆ ತಾನೇ ಉತ್ತರ ಕಳಿಸುತ್ತದೆ. ಪಾಸ್‌ವರ್ಡ್ ತಗೊಂಡದ್ದು ನೀವೇ ಕೂತು ಒತ್ತುತ್ತಿರುವ ಹಾಗೆ ನಾಟಕ ಮಾಡಿ ಗುರುತಿಲ್ಲದವರಿಗೂ ಕಳಿಸುತ್ತದೆ. ಸಿಕ್ಕಿಬಿದ್ದರೆ ಅಕೌಂಟ್ ಹೋಗುವುದು ನಿಮ್ಮದು. ಮೊದಲು ಪಾಸ್‌ವರ್ಡ್ ಬದಲಿಸಿ. ಲಾಗಿನ್ ಆಗಿರುವ ಫೋನುಗಳ ಪಟ್ಟಿ ನೋಡಿ, ನಿಮ್ಮದಲ್ಲದ್ದನ್ನು ಹೊರಗೆ ಹಾಕಿ. ಆಮೇಲೆ ಟು ಫ್ಯಾಕ್ಟರ್ ಹಾಕಿ, ಲಾಗಿನ್ ಆಗುವಾಗ ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೂಡ ಕೇಳುತ್ತದೆ.

ಕಟಪಾಡಿ ಹಪ್ಪಳ:
ಎಲ್ಲ ಮಾಡಿದೆ. ಪಟ್ಟಿಯಲ್ಲಿ ನಾನು ಹೆಸರೇ ಕೇಳದ ಊರಿನ ಫೋನ್ ಒಂದಿತ್ತು, ತೆಗೆದೆ. ತಂಗಿ ಮಗ ಫೋನ್ ಎತ್ತುತ್ತಿಲ್ಲ. ಈಗ ಕೂತು ಅದು ಕಳಿಸಿದ ಮೆಸೇಜ್ ನೋಡುತ್ತಿದ್ದೇನೆ, 600ರ ಮೇಲೆ ಉಂಟು. ಅದರಲ್ಲಿ ಒಂದು ನಮ್ಮ ದೇವಸ್ಥಾನದ ಭಟ್ರಿಗೆ ಹೋಗಿದೆ, "ಹಾಯ್ ಡಿಯರ್" ಅಂತ. ನಾಡಿದ್ದು ಸಂಕ್ರಮಣ, ಪ್ರಸಾದಕ್ಕೆ ಕೈ ಒಡ್ಡುವುದು ಹೇಗೆ ಇನ್ನು?