ಹಳೇ ಪಿಎಸ್‌ಪಿಯಲ್ಲಿ ಹಾಡು ಕೇಳುವಾಗ ಸ್‌ಸ್ ಅನ್ನುವ ಸದ್ದು ಯಾಕೆ ಬರುತ್ತೆ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಹತ್ತಿರ ಸೋನಿಯ ಪಿಎಸ್‌ಪಿ ಇದೆ, ಮೊದಲನೇ ಮಾಡೆಲ್, ದಪ್ಪಗಿರುವುದು. ಅಣ್ಣ ಕೊಟ್ಟಿದ್ದು. ಗೇಮ್ ಆಡುವುದು ಬಿಟ್ಟು ಎಷ್ಟೋ ವರ್ಷ ಆಯ್ತು. ಈಗ ಬಸ್ಸಿನಲ್ಲಿ ಹಾಡು ಕೇಳಲು ಅದನ್ನೇ ಬಳಸುತ್ತಿದ್ದೇನೆ. ಫೋನ್ ಕೈಗೆ ತಗೊಂಡರೆ ಹಾಡು ಒಂದು ಕಡೆ, ಮೆಸೇಜ್ ಒಂದು ಕಡೆ ಆಗುತ್ತೆ, ಅದಕ್ಕೇ. ಜಾಸ್ತಿ ಕೇಳುವುದು ವೀಣೆ, ಕೊಳಲು. ಹೋದ ತಿಂಗಳು ಕಿವಿಯೊಳಗೆ ಕೂರುವ ಹೊಸ ಇಯರ್‌ಫೋನ್ ತಗೊಂಡೆ. ಅವತ್ತಿನಿಂದ ಹಿಂದೆ ಸ್‌ಸ್ ಅಂತ ಒಂದು ಸದ್ದು ಕೇಳಿಸುತ್ತಿದೆ. ವಾಲ್ಯೂಮ್ ಜಾಸ್ತಿ ಮಾಡಲಿ, ಕಡಿಮೆ ಮಾಡಲಿ, ಅದು ಅಷ್ಟೇ ಇರುತ್ತೆ. ಆಲಾಪನೆ ಮಧ್ಯೆ ಒಂದು ಕ್ಷಣ ನಿಲ್ಲಿಸಿದಾಗಂತೂ ಅದೇ ಕೇಳಿಸುತ್ತೆ. ಅಪ್ಪನ ಹಳೇ ದೊಡ್ಡ ಹೆಡ್‌ಫೋನ್ ಹಾಕಿದರೆ ಏನೂ ಇಲ್ಲ. ಪಿಎಸ್‌ಪಿ ಹಾಡು ಕೇಳೋಕೆ ಲಾಯಕ್ಕಿಲ್ವಾ?

ಉತ್ತರ: ಖಂಡಿತ ಲಾಯಕ್ಕಿದೆ. ಕಾಯಿಲೆ ಎಲ್ಲಿದೆ ಅಂತ ನಿಮ್ಮ ಪ್ರಶ್ನೆಯಲ್ಲೇ ಇದೆ ನೋಡಿ.

ವಾಲ್ಯೂಮ್ ಏರಿಸಿದರೂ ಇಳಿಸಿದರೂ ಸದ್ದು ಬದಲಾಗುವುದಿಲ್ಲ ಅಂದಿರಲ್ಲ, ಅಂದರೆ ಅದು ಹಾಡಿನ ಫೈಲಿನಲ್ಲಿ ಇಲ್ಲ. ಫೈಲಿನಲ್ಲಿ ಇದ್ದಿದ್ದರೆ ವಾಲ್ಯೂಮ್ ಜೊತೆ ಅದೂ ಏರಿ ಇಳಿಯುತ್ತಿತ್ತು. ವಾಲ್ಯೂಮ್ ಆದಮೇಲೆ, ಜ್ಯಾಕಿಗೆ ಹೋಗುವ ಮೊದಲು ಒಂದು ಚಿಕ್ಕ ಆಂಪ್ಲಿಫೈಯರ್ ಇರುತ್ತೆ. ಎಂಥ ಆಂಪ್ಲಿಫೈಯರ್ ಆದರೂ ತನ್ನದೇ ಒಂದು ಸಣ್ಣ ಸದ್ದು ಮಾಡುತ್ತೆ. ನಿಮಗೆ ಕೇಳಿಸುತ್ತಿರುವುದು ಅದು.

ಹಾಗಾದರೆ ಅಪ್ಪನ ಹೆಡ್‌ಫೋನಿನಲ್ಲಿ ಯಾಕಿಲ್ಲ? ತರಕಾರಿ ತೂಗುವ ತಕ್ಕಡಿಗೂ ಚಿನ್ನ ತೂಗುವ ತಕ್ಕಡಿಗೂ ಇರುವ ವ್ಯತ್ಯಾಸ. ದೊಡ್ಡ ಹಳೇ ಹೆಡ್‌ಫೋನಿಗೆ ಸದ್ದು ಮಾಡಲು ಜಾಸ್ತಿ ಕರೆಂಟ್ ಬೇಕು, ಚೂರುಪಾರು ಗದ್ದಲಕ್ಕೆ ಅದು ಅಲುಗಾಡುವುದೇ ಇಲ್ಲ. ನಿಮ್ಮ ಹೊಸದು ಹಾಗಲ್ಲ, ಧೂಳಿನ ಕಣದ ತೂಕವನ್ನೂ ತೋರಿಸಿಬಿಡುತ್ತೆ. ಜೊತೆಗೆ ಹೊರಗಿನ ಸದ್ದನ್ನು ತಡೆಯುತ್ತೆ, ಹಾಗಾಗಿ ಒಳಗಿನದು ಇನ್ನೂ ಎದ್ದು ಕಾಣುತ್ತೆ.

ಇದಕ್ಕೆ ಸುಲಭದ ಮದ್ದು ಇದೆ. ಮಧ್ಯದಲ್ಲಿ ತಿರುಗಿಸುವ ವಾಲ್ಯೂಮ್ ಚಕ್ರ ಇರುವ ಚಿಕ್ಕ ವೈರ್ ಸಿಗುತ್ತೆ, ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ವಿಚಾರಿಸಿ. ಅದನ್ನು ಪಿಎಸ್‌ಪಿಗೂ ಇಯರ್‌ಫೋನಿಗೂ ನಡುವೆ ಹಾಕಿ. ಪಿಎಸ್‌ಪಿಯ ವಾಲ್ಯೂಮ್ ಮುಕ್ಕಾಲಿಗೆ ಇಡಿ, ಕಿವಿಗೆ ಬೇಕಾದಷ್ಟು ಚಕ್ರದಲ್ಲಿ ಇಳಿಸಿ. ಚಕ್ರ ಇಳಿಸಿದಾಗ ಹಾಡು, ಗದ್ದಲ ಎರಡೂ ಇಳಿಯುತ್ತವೆ, ಆದರೆ ಪಿಎಸ್‌ಪಿಯಲ್ಲಿ ಏರಿಸಿದ್ದು ಹಾಡು ಮಾತ್ರ ಅಲ್ವಾ, ಹಾಗಾಗಿ ಗದ್ದಲ ಹಿಂದೆ ಸರಿಯುತ್ತೆ. ಒಂದು ಎಚ್ಚರಿಕೆ: ಒಂದೊಂದು ಕಿವಿಗೆ ಎರಡು ಮೂರು ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಇರುವ ಇಯರ್‌ಫೋನ್ ಆದರೆ ಇಂಥ ವೈರ್ ಹಾಕಿದಾಗ ನಾದದ ಬಣ್ಣ ಬದಲಾಗಬಹುದು. ಒಂದೇ ಡ್ರೈವರ್ ಇದ್ದರೆ ತೊಂದರೆ ಕಡಿಮೆ.

ಖರ್ಚು ಮಾಡುವ ಮೊದಲು ಎರಡು ಪರೀಕ್ಷೆ ಮಾಡಿ. ಚಾರ್ಜರ್ ಹಾಕಿಕೊಂಡು ಕೇಳುತ್ತಿದ್ದರೆ ತೆಗೆದುಬಿಡಿ. ಕಡಿಮೆ ಬೆಲೆಯ ಚಾರ್ಜರ್‌ಗಳು ಗುಂಯ್ ಅನ್ನುವ ಸದ್ದು ತರುತ್ತವೆ. ಆಮೇಲೆ ಪರದೆಯ ಬಟನ್ ಒತ್ತಿ ಹಿಡಿದು ಪರದೆ ಆರಿಸಿ ಕೇಳಿ. ಸದ್ದಿನಲ್ಲಿ ವ್ಯತ್ಯಾಸ ಆದರೆ ಅದು ಪರದೆಯ ಬೆಳಕಿನ ಸರ್ಕ್ಯೂಟಿನಿಂದ ಬರುತ್ತಿದೆ ಅಂತ ಅರ್ಥ.

ಕೇಳಿದವರು: ಪರದೆ ಆರಿಸಿದೆ, ವ್ಯತ್ಯಾಸ ಇಲ್ಲ. ವೈರ್ ಹುಡುಕುತ್ತೇನೆ ಸರ್. ಇನ್ನೊಂದು. ಮೃದಂಗದ ಗುಮ್ಕಿ, ಎಡಗಡೆಯ ಗುಂ ಅನ್ನುವ ನಾದ, ಸರಿಯಾಗಿ ಕೇಳಿಸುವುದಿಲ್ಲ, ಬರೀ ಬಲಗಡೆಯ ಟಕಟಕ. ಇದಕ್ಕೆ ಈಕ್ವಲೈಸರ್‌ನಲ್ಲಿ ಹೆವಿ ಅನ್ನುವ ಸೆಟ್ಟಿಂಗ್ ಇಟ್ಟುಕೊಂಡಿದ್ದೇನೆ.

ಉತ್ತರ: ಮೊದಲು ಹೆವಿ ತೆಗೆದು ಆಫ್ ಮಾಡಿ. ಪಿಎಸ್‌ಪಿಯಲ್ಲಿ ಹೆವಿ, ಪಾಪ್ಸ್, ಜಾಜ್, ಯುನೀಕ್ ಅಂತ ನಾಲ್ಕು ಕೊಟ್ಟಿದ್ದಾರೆ. ವೀಣೆಗೆ ಇವು ಯಾವುದೂ ಬೇಡ. ತಂತಿ ಮೀಟಿದ ಮೇಲೆ ನಾದ ನಿಧಾನಕ್ಕೆ ಕರಗುತ್ತಲ್ಲ, ಆ ಬಾಲವೇ ಕೆಡುತ್ತೆ. ಹಾಗೇ ಸೆಟ್ಟಿಂಗ್ಸಿನಲ್ಲಿ ಎವಿಎಲ್‌ಎಸ್ ಅಂತ ಒಂದು ಇದೆ, ವಾಲ್ಯೂಮಿಗೆ ಮಿತಿ ಹಾಕುವುದು. ಚಕ್ರದ ವೈರ್ ಹಾಕುವಾಗ ಅದೂ ಆಫ್ ಇರಲಿ.

ಗುಮ್ಕಿ ಕಾಣೆಯಾಗುವುದಕ್ಕೆ ನಾನು ನೋಡಿದಂತೆ ಹತ್ತರಲ್ಲಿ ಎಂಟು ಸಲ ಕಾರಣ ರಬ್ಬರ್ ಟಿಪ್. ಕಿವಿಗೆ ಚಿಕ್ಕದಾದರೆ ಸಂದಿಯಲ್ಲಿ ಗಾಳಿ ಹೋಗಿ ಕೆಳಗಿನ ಸ್ವರ ಎಲ್ಲ ಸೋರಿಹೋಗುತ್ತೆ. ಡಬ್ಬಿಯಲ್ಲಿ ಬಂದ ದೊಡ್ಡ ಸೈಜ್ ಹಾಕಿ ನೋಡಿ. ಎಡಗಿವಿಗೆ ಒಂದು ಸೈಜ್, ಬಲಗಿವಿಗೆ ಒಂದು ಬೇಕಾಗುವುದೂ ಇದೆ.

ಟಿಪ್ ಸರಿ ಇದ್ದೂ ಬಾಸ್ ಇಲ್ಲ ಅಂದರೆ ಆಗ ಯಂತ್ರದ ಕಡೆ ನೋಡಬೇಕು. ಕೈಯಲ್ಲಿ ಹಿಡಿಯುವ ಹಳೇ ಯಂತ್ರಗಳು ಹಲವು, ಜ್ಯಾಕಿನ ಮುಂಚೆ ಕೆಪಾಸಿಟರ್ ಅನ್ನುವ ಒಂದು ಚಿಕ್ಕ ಬಿಡಿಭಾಗ ಇಟ್ಟಿರುತ್ತವೆ. ಅದು ಇಯರ್‌ಫೋನಿನ ಓಮ್ (ಕರೆಂಟಿಗೆ ಒಡ್ಡುವ ತಡೆ) ಜೊತೆ ಸೇರಿ ಬಾಸ್ ಎಲ್ಲಿಂದ ಕಡಿಮೆಯಾಗಬೇಕು ಅಂತ ತೀರ್ಮಾನ ಮಾಡುತ್ತೆ. ಲೆಕ್ಕ ಹಾಕಿ ಹೇಳುತ್ತೇನೆ. 100 ಮೈಕ್ರೋಫ್ಯಾರಡ್ ಇದ್ದರೆ, 32 ಓಮ್ ಇಯರ್‌ಫೋನಿನಲ್ಲಿ ಸುಮಾರು 50 ಹರ್ಟ್ಸ್‌ಗೆ 3 ಡೆಸಿಬಲ್ ಇಳಿದಿರುತ್ತೆ. ಅದೇ ಜಾಗಕ್ಕೆ 16 ಓಮಿನದು ಚುಚ್ಚಿ, 100 ಹರ್ಟ್ಸ್‌ಗೇ ಅಷ್ಟು ಇಳಿಯುತ್ತೆ. ಒಂದೇ ಯಂತ್ರ, ಒಂದೇ ಹಾಡು, ಇಯರ್‌ಫೋನ್ ಬದಲಾಯಿಸಿದ್ದಕ್ಕೆ ಮೃದಂಗದ ಎಡಭಾಗವೇ ಸೊರಗುತ್ತೆ. ಕೆಪಾಸಿಟರ್ ಹಳತಾದರೆ ಇನ್ನೂ ಮೋಸ. ಸೆಗಾದವರ ಗೇಮ್ ಗೇರ್ 1990ರದ್ದು, ಅದರ ಕೆಪಾಸಿಟರ್‌ಗಳು ಸೋರಿ ಸದ್ದು ಕ್ಷೀಣ ಆಗುವುದು ಎಲ್ಲ ರಿಪೇರಿಯವರಿಗೂ ಗೊತ್ತಿರುವ ಮಾತು.

ಇನ್ನೊಬ್ಬ ಸದಸ್ಯರು: ಸರ್, ನನ್ನ ಹತ್ತಿರ ಗೇಮ್ ಬಾಯ್ ಅಡ್ವಾನ್ಸ್ ಇದೆ. ಅದರಲ್ಲಿ ಹಾಡು ಕೇಳಿದರೆ ಹೇಗೆ?

ಉತ್ತರ: ಕೇಳಬೇಡಿ, ಅದು ಅದಕ್ಕಾಗಿ ಮಾಡಿದ್ದಲ್ಲ. 2001ರ ಯಂತ್ರ ಅದು. ರೆಕಾರ್ಡ್ ಮಾಡಿದ ಸದ್ದು ನುಡಿಸಲು ಅದರಲ್ಲಿ ಇರುವುದು 8 ಬಿಟ್ಟಿನ ಎರಡು ದಾರಿ. ಅತಿ ಮೆಲ್ಲಗಿನ ಸದ್ದಿಗೂ ಅತಿ ಜೋರಿನದಕ್ಕೂ ನಡುವಿನ ಅಂತರ ಒಂದು ಬಿಟ್ಟಿಗೆ ಸುಮಾರು 6 ಡೆಸಿಬಲ್ ಲೆಕ್ಕ. 8 ಬಿಟ್ಟಿಗೆ 48 ಆಯಿತು. ಸಿಡಿಯ 16 ಬಿಟ್ಟಿಗೆ 96. ತಂಬೂರಿ ಶ್ರುತಿ ಮೆಲ್ಲಗೆ ಶುರುವಾಗುವ ಕಡೆ ಆ 48ರಲ್ಲಿ ಬರೀ ಕರಕರ ಉಳಿಯುತ್ತೆ. ನಿಂಟೆಂಡೋದವರೇ 2005ರಲ್ಲಿ ಜಪಾನಿನಲ್ಲಿ ಪ್ಲೇ-ಯಾನ್ ಅಂತ ಒಂದು ಕಾರ್ಟ್ರಿಜ್ ತಂದರು, ಎಸ್‌ಡಿ ಕಾರ್ಡಿನಿಂದ ಎಂಪಿ3 ನುಡಿಸುವುದು. ಅದರ ಹೆಡ್‌ಫೋನ್ ಜ್ಯಾಕ್ ಎಲ್ಲಿತ್ತು ಗೊತ್ತಾ? ಕಾರ್ಟ್ರಿಜ್ ಮೇಲೇ, ಯಂತ್ರದ ಆ 8 ಬಿಟ್ಟಿನ ದಾರಿ ಬಿಟ್ಟು.

ಹಾಡು ಕೇಳುವುದಲ್ಲ, ಹಾಡು ಕಟ್ಟುವುದು ನಿಮಗೆ ಇಷ್ಟ ಆದರೆ ಬೇರೆ ಮಾತು. 1989ರ ಮೊದಲ ಗೇಮ್ ಬಾಯ್ ಹಿಡಿದು ಅದರ ನಾಲ್ಕೇ ಸ್ವರದ ದಾರಿಗಳಲ್ಲಿ ಸಂಗೀತ ಮಾಡುವವರು ಲೋಕದಲ್ಲಿ ತುಂಬಾ ಜನ ಇದ್ದಾರೆ. ಅವರು ಒಳಗಿನ ಆಂಪ್ಲಿಫೈಯರ್ ಬಿಟ್ಟು, ಅದಕ್ಕೂ ಮುಂಚೆ ವಾಲ್ಯೂಮ್ ಚಕ್ರದ ಹತ್ತಿರದಿಂದಲೇ ವೈರ್ ಎಳೆದು ಹೊಸ ಜ್ಯಾಕ್ ಕೂರಿಸುತ್ತಾರೆ. ಸದ್ದು ಎಷ್ಟು ಶುದ್ಧ ಆಗುತ್ತೆ ಅಂದರೆ, ಮೊದಲ ಸಲ ಕೇಳಿದಾಗ ನನಗೆ ನಿಜವಾಗಲೂ ಖುಷಿಯಾಯಿತು.

ಹಾಡಿಗೇ ಬೇಕು ಅಂದರೆ ನಿಂಟೆಂಡೋ 3ಡಿಎಸ್ ನೋಡಿ, ಎಂಪಿ3 ಓದುತ್ತೆ, ಮುಚ್ಚಿ ಜೇಬಿನಲ್ಲಿ ಇಟ್ಟರೂ ಹೆಡ್‌ಫೋನಿನಲ್ಲಿ ಹಾಡು ನಡೆಯುತ್ತೆ. ಅದಕ್ಕಿಂತ ಮುಂಚಿನ ಡಿಎಸ್‌ಐ ಎಎಸಿ ಅನ್ನುವ ಬೇರೆ ಬಗೆಯ ಹಾಡಿನ ಫೈಲ್ ಮಾತ್ರ ಓದುತ್ತೆ, ಎಂಪಿ3 ಹಾಕಿದರೆ ಆಗುವುದಿಲ್ಲ.

ಮತ್ತೊಬ್ಬರು: ನನ್ನ ಪಿಎಸ್‌ಪಿಯಲ್ಲಿ ಒಂದೇ ಕಿವಿಗೆ ಸದ್ದು. ಪಿನ್ ತಿರುಗಿಸಿದರೆ ಎರಡೂ ಬರುತ್ತೆ, ಕೈ ಬಿಟ್ಟರೆ ಹೋಗುತ್ತೆ.

ಉತ್ತರ: ಜ್ಯಾಕ್. ಹೋದ ವಾರವೇ ಇಂಥದ್ದೊಂದು ನನ್ನ ಮೇಜಿಗೆ ಬಂದಿತ್ತು. ಒಳಗೆ ಜೇಬಿನ ನೂಲು, ಧೂಳು ಸೇರಿ ಗಟ್ಟಿಯಾಗಿ ಕೂತಿತ್ತು. ಮರದ ಕಡ್ಡಿಯಲ್ಲಿ ತೆಗೆದೆ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದೆ, ಆದರೂ ಹಾಗೇ. ಬಿಚ್ಚಿ ಭೂತಗನ್ನಡಿ ಹಿಡಿದರೆ ಒಂದು ಕಾಲಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ, ಬೆಸುಗೆ ಬಿರುಕು ಬಿಟ್ಟಿತ್ತು. ಹಳೇ ಬೆಸುಗೆ ಎತ್ತಿ ಹೊಸದು ಹಾಕಿದೆ, ಸರಿಹೋಯಿತು. ನೀವೂ ಮೊದಲು ಶುಚಿ ಮಾಡಿ ನೋಡಿ. ಸೂಜಿ, ಸೇಫ್ಟಿ ಪಿನ್ ಮಾತ್ರ ಹಾಕಬೇಡಿ.

ಕೇಳಿದವರು: ಸರ್, ವೈರ್ ಸಿಕ್ಕಿತು, ದೊಡ್ಡ ಟಿಪ್ಪೂ ಹಾಕಿದೆ. ಸ್‌ಸ್ ಸದ್ದು ಹುಡುಕಿದರೂ ಸಿಗುತ್ತಿಲ್ಲ, ಗುಮ್ಕಿ ಬಂತು! ತುಂಬಾ ಥ್ಯಾಂಕ್ಸ್. ನನ್ನ ಫೈಲ್ ಎಲ್ಲ 128 ಕೆಬಿಪಿಎಸ್, ಕಾರ್ಡ್ ಡಬ್ಬಿಯ ಜೊತೆ ಬಂದ 32 ಎಂಬಿಯದು. 320ಕ್ಕೆ ಬದಲಾಯಿಸಲಾ?

ಉತ್ತರ: ಬೇಡ. ಆ ಅಂಕಿ ಒಂದು ಸೆಕೆಂಡಿನ ಹಾಡಿಗೆ ಎಷ್ಟು ಮಾಹಿತಿ ಇಟ್ಟಿದ್ದಾರೆ ಅನ್ನುವ ಲೆಕ್ಕ. 128ರಲ್ಲಿ ಒಮ್ಮೆ ಹೋದದ್ದು 320 ಮಾಡಿದರೆ ವಾಪಸ್ ಬರುವುದಿಲ್ಲ, ಸುಮ್ನೆ ಜಾಗ ತಿನ್ನುತ್ತೆ. ಮನೆಯಲ್ಲಿ ಸಿಡಿ ಇದ್ದರೆ ಅದರಿಂದ ಹೊಸದಾಗಿ 256ರಲ್ಲಿ ಮಾಡಿಕೊಳ್ಳಿ, ವೀಣೆಗೆ ಸಾಕು. 32 ಎಂಬಿಯಲ್ಲಿ 128ರ ಹಾಡೇ ನಾಲ್ಕು ನಿಮಿಷದ್ದು ಎಂಟು ಹಿಡಿಯುತ್ತೆ ಅಷ್ಟೇ, ಹಾಗಾಗಿ ಮೈಕ್ರೋ ಎಸ್‌ಡಿ ಕೂರಿಸುವ ಮೆಮೊರಿ ಸ್ಟಿಕ್ ಅಡಾಪ್ಟರ್ ಒಂದು ತಗೊಳ್ಳಿ.

ಇನ್ನೊಂದು, ಇವತ್ತೇ ನೋಡಿ. ಹಿಂದಿನ ಬ್ಯಾಟರಿ ಮುಚ್ಚಳ ಸ್ವಲ್ಪ ಉಬ್ಬಿದೆಯಾ, ಮೇಜಿನ ಮೇಲೆ ಇಟ್ಟರೆ ಅಲುಗಾಡುತ್ತಾ? ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ, ಬ್ಯಾಟರಿ ತೆಗೆದು ಇಲ್ಲಿ ಒಂದು ಫೋಟೋ ಹಾಕಿ.