ಕಷ್ಟದಲ್ಲಿರುವ ಗೆಳೆಯ ಚರ್ಚಿಗೆ ಬರುವುದೇ ಬಿಟ್ಟಿದ್ದಾನೆ. ಎಂತ ಹೇಳುವುದು?

ಉದ್ಯಾವರದವ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಬೇಡಿ. ನಮ್ಮ ಸಭೆಯಲ್ಲಿ ವಾರದ ಮನೆಪ್ರಾರ್ಥನೆ ನೋಡಿಕೊಳ್ಳುವವನು ನಾನು. ಸಂಡೇ ಸ್ಕೂಲಿನಿಂದ ಜೊತೆಗಿದ್ದ ಗೆಳೆಯನೊಬ್ಬ ಇದ್ದಾನೆ. ಹನ್ನೊಂದು ವರ್ಷ ಗಲ್ಫಿನಲ್ಲಿದ್ದ, ಕೆಲಸ ಹೋಯಿತು, ಊರಿಗೆ ಬಂದ. ಉಳಿಸಿದ್ದನ್ನೆಲ್ಲ ಹಾಕಿ, ಸಾಲದ್ದಕ್ಕೆ ಹೆಂಡತಿಯ ಚಿನ್ನವನ್ನೂ ಸೊಸೈಟಿಯಲ್ಲಿ ಅಡವಿಟ್ಟು, ಮಲ್ಪೆಯಲ್ಲಿ ಒಂದು ಬೋಟಿನಲ್ಲಿ ಪಾಲು ತೆಗೆದುಕೊಂಡ. ಮೊದಲ ವರ್ಷವೇ ಮೀನು ಕಮ್ಮಿ, ಎಂಜಿನ್ ಬೇರೆ ಕೈಕೊಟ್ಟಿತು. ಈಗ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಹೇಗೂ ಬೋಟು ಕಡಲಿಗೆ ಇಳಿಯುವಂತಿಲ್ಲ. 61 ದಿನ ಒಂದು ರೂಪಾಯಿ ಹುಟ್ಟುವುದಿಲ್ಲ, ಬಡ್ಡಿಗೆ ಮಾತ್ರ ಮಳೆಗಾಲದ ರಜೆ ಇಲ್ಲ. ಇದರ ಮೇಲೆ ಅವನ ಅಮ್ಮನಿಗೆ ಸ್ಟ್ರೋಕ್ ಆಗಿ ಹಾಸಿಗೆ ಹಿಡಿದಿದ್ದಾರೆ.

ಈಸ್ಟರ್ ಆದ ಮೇಲೆ ಅವನು ಚರ್ಚಿಗೆ ಬಂದಿಲ್ಲ. ಫೋನ್ ಮಾಡಿದರೆ "ಬರುವಾ, ಬರುವಾ" ಅನ್ನುತ್ತಾನೆ. ಮೊನ್ನೆ ಪೇಟೆಯಲ್ಲಿ ಸಿಕ್ಕಿದ. ನನಗೆ ಎಂತ ಹೇಳುವುದು ಗೊತ್ತಾಗದೆ "ದೇವರು ನಮ್ಮಿಂದ ತಾಳಲಿಕ್ಕೆ ಆಗದ ಕಷ್ಟ ಕೊಡುವುದಿಲ್ಲ ಮಾರಾಯಾ" ಅಂದೆ. ಅವನು ಸ್ಕೂಟರ್ ಸ್ಟಾರ್ಟ್ ಮಾಡಿ, "ಹಾಗಾದರೆ ನನಗೆ ತಾಳುವ ಶಕ್ತಿ ಸ್ವಲ್ಪ ಕಮ್ಮಿ ಇದ್ದಿದ್ದರೆ ಅಮ್ಮ ಇವತ್ತು ಸರಿ ಇರುತ್ತಿದ್ದರು, ಅಲ್ವಾ?" ಅಂತ ಕೇಳಿ ಹೋಗಿಯೇ ಬಿಟ್ಟ. ಆ ಮಾತು ಇನ್ನೂ ಕಿವಿಯಲ್ಲಿ ಉಂಟು. ನಿಜ ಹೇಳಬೇಕೆಂದರೆ ಅವನನ್ನು ನೋಡಿ ನನ್ನ ವಿಶ್ವಾಸವೂ ಅಲ್ಲಾಡುತ್ತಾ ಇದೆ. ಬೈಬಲಿನ ಯಾವ ವಾಕ್ಯ ಹೇಳಬೇಕಿತ್ತು?

ಜೆಪ್ಪು ಅಕ್ಕ:
ತಮ್ಮಾ, ವಾಕ್ಯ ಆಮೇಲೆ ನೋಡುವಾ. ನನ್ನ ಯಜಮಾನರು 42 ದಿನ ಆಸ್ಪತ್ರೆಯಲ್ಲಿದ್ದರು. ನೋಡಲಿಕ್ಕೆ ಬಂದವರಿಗೆ ಲೆಕ್ಕ ಇಲ್ಲ, ಎಲ್ಲರ ಬಾಯಲ್ಲೂ ಒಂದೊಂದು ವಾಕ್ಯ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಇಲ್ಲ ಅನ್ನುವುದಿಲ್ಲ. ಆದರೆ ಈಗ ಒಂದೂ ನೆನಪಿಲ್ಲ. ನೆನಪಿರುವುದು ನಮ್ಮ ಸ್ತ್ರೀ ಸಂಘದ ಒಬ್ಬ ಆಂಟಿ. ಸಂಘದಲ್ಲಿ ಬಾಯಿ ಬಿಡದ ಹೆಂಗಸು. ದಿನಾ ಬೆಳಿಗ್ಗೆ ಮೂರು ಡಬ್ಬಿಯ ಕ್ಯಾರಿಯರ್ ಹಿಡಿದುಕೊಂಡು ಬರುತ್ತಿದ್ದರು. ಕುಚ್ಚಲಕ್ಕಿ ಗಂಜಿ, ತೊಂಡೆಕಾಯಿ ಪಲ್ಯ, ಒಂದು ತುಂಡು ಹುರಿದ ಬಂಗುಡೆ. ಕ್ಯಾರಿಯರಿನ ಕೊಂಡಿ ಮುರಿದಿತ್ತು, ನೀಲಿ ಬಲೆ ನೂಲಿನಲ್ಲಿ ಕಟ್ಟಿದ್ದರು. ಖಾಲಿ ಡಬ್ಬಿ ತೊಳೆಯಲಿಕ್ಕೂ ನನ್ನನ್ನು ಬಿಡುತ್ತಿರಲಿಲ್ಲ, ಹಾಗೇ ಎತ್ತಿಕೊಂಡು ಹೋಗುವುದು. ಒಂದು ದಿನ ನಾನೇ "ಆಂಟಿ, ಪ್ರಾರ್ಥನೆ ಮಾಡಿ" ಅಂದೆ. "ನೀನು ಉಣ್ಣು, ನಾನು ಮಾಡುತ್ತೇನೆ" ಅಂದರು. ನಾನು ಉಣ್ಣುತ್ತಾ ಇದ್ದೆ, ಅವರು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಅಷ್ಟೇ.

ಇನ್ನೊಂದು ಮಾತು. ಸ್ಟ್ರೋಕ್ ಆಗಿ ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ರಾತ್ರಿಯೂ. ಅದನ್ನು ಮಾಡುತ್ತಾ ಇರುವುದು ಯಾರು? ನೀವು ಗೆಳೆಯನ ವಿಷಯ ಇಷ್ಟು ಬರೆದಿದ್ದೀರಿ, ಅವನ ಹೆಂಡತಿ ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯಿತು ಅಂತ ಯಾರಾದರೂ ಕೇಳಿದ್ದೀರಾ?

ನಿವೃತ್ತ ಸಭಾಪಾಲಕ:
ಅಕ್ಕ ಹೇಳಿದ ಮೇಲೆ ನಾನು ಪ್ರಸಂಗ ಮಾಡಿದರೆ ನಗುತ್ತೀರಿ. ಆದರೂ ನೀವು ಗೆಳೆಯನಿಗೆ ಹೇಳಿದ ಆ ವಾಕ್ಯದ ಬಗ್ಗೆ ಹೇಳಬೇಕು, ಯಾಕೆಂದರೆ ಸಾವಿನ ಮನೆಗಳಲ್ಲಿ ನಾನೂ ಅದನ್ನು ತಪ್ಪಾಗಿ ಹೇಳಿದವನೇ. ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 10ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಮಾತಾಡುವುದು ಶೋಧನೆಯ ಬಗ್ಗೆ, ಅಂದರೆ ಪಾಪದ ಕಡೆ ಎಳೆಯುವ ಆಸೆಯ ಬಗ್ಗೆ, ಪಾಪಕ್ಕೆ ಬೀಳದೆ ತಪ್ಪಿಸಿಕೊಳ್ಳುವ ದಾರಿಯ ಬಗ್ಗೆ. ಸಾಲ, ಕಾಯಿಲೆಯನ್ನು ದೇವರು ತಕ್ಕಡಿಯಲ್ಲಿ ತೂಗಿ ಕಳಿಸುತ್ತಾನೆ ಅಂತ ಅಲ್ಲಿ ಇಲ್ಲ. ಅದೇ ಪೌಲ ಎರಡನೇ ಪತ್ರದ ಮೊದಲ ಅಧ್ಯಾಯದಲ್ಲಿ, ಆಸ್ಯ ಸೀಮೆಯಲ್ಲಿ ನಮಗೆ ಬಂದ ಕಷ್ಟ ನಮ್ಮ ಶಕ್ತಿ ಮೀರಿತ್ತು, ಬದುಕುವ ಆಸೆಯೇ ಹೋಗಿತ್ತು ಅಂತ ಬರೆಯುತ್ತಾನೆ. ಅಂದರೆ ನಿಮ್ಮ ಗೆಳೆಯ ಸ್ಕೂಟರ್ ಮೇಲೆ ಕೂತು ಹೇಳಿದ್ದರಲ್ಲಿ ತಪ್ಪಿಲ್ಲ.

ಪೌಲ ಸೆರೆಯಲ್ಲಿದ್ದಾಗ ಎಷ್ಟೋ ಜನ ಅವನನ್ನು ಬಿಟ್ಟುಹೋದರು. ಒನೇಸಿಫೊರ ಅಂತ ಒಬ್ಬ ರೋಮಿಗೆ ಬಂದು, ಹುಡುಕಿ ಹುಡುಕಿ, ಅವನನ್ನು ಕಂಡುಹಿಡಿದ. ಬೇಡಿ ಹಾಕಿಸಿಕೊಂಡವನ ಪರಿಚಯಕ್ಕೆ ನಾಚಿಕೊಳ್ಳಲಿಲ್ಲ. ಅವನು ಅಲ್ಲಿ ಎಂತ ಮಾತಾಡಿದ ಅಂತ ತಿಮೊಥೆಗೆ ಬರೆದ ಆ ಪತ್ರದಲ್ಲಿ ಒಂದಕ್ಷರ ಇಲ್ಲ!

ನಮ್ಮೂರಿನದೇ ನೋಡಿ. ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ವಿಶ್ವಾಸಕ್ಕೆ ಬಂದವರಲ್ಲಿ ಎಷ್ಟೋ ಜನರಿಗೆ ಮನೆ, ಗದ್ದೆ, ಕುಲಕಸುಬು ಎಲ್ಲ ತಪ್ಪಿಹೋಯಿತು. ಅವರಿಗೆ ಬರೀ ವಾಕ್ಯ ಹೇಳಿ ಕೂರಿಸಲಿಲ್ಲ. ನೇಯ್ಗೆ ಶುರು ಮಾಡಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಅದರಿಂದ ಜನ ಮಿಷನ್ನಿಗೇ ಜೋತುಬಿದ್ದರು ಅನ್ನುವ ಆಕ್ಷೇಪವೂ ಉಂಟು, ಅದು ಪೂರ್ತಿ ಸುಳ್ಳಲ್ಲ. ಆದರೆ ಒಲೆ ಉರಿಯಿತು.

ಕಲ್ಯಾಣಪುರ:
ನಾನು ಕೆಥೋಲಿಕ್, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮಲ್ಲಿ ಕಷ್ಟ ಅಂದರೆ ಕೂಡಲೇ 1784ರಲ್ಲಿ ಟಿಪ್ಪು ಸುಲ್ತಾನ್ ಇಲ್ಲಿನ ಕೆಥೋಲಿಕರನ್ನು ಹಿಡಿದುಕೊಂಡು ಹೋದ ಸೆರೆಯ ಕತೆ ತೆಗೆಯುತ್ತಾರೆ. 1799ರವರೆಗೆ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದು ಬದುಕಿ ಬಂದವರ ಮಕ್ಕಳು ನಾವು ಅಂತ. ಸರಿ, ಹೆಮ್ಮೆಯೇ. ಸೊಸೈಟಿಯಲ್ಲಿ ಅದನ್ನು ಅಡವಿಡಲಿಕ್ಕೆ ಆಗುವುದಿಲ್ಲ.

ನಾನು ಬಡವರಿಗೆ ನೆರವಾಗುವ ಸೈಂಟ್ ವಿನ್ಸೆಂಟ್ ದೆ ಪಾವ್ಲ್ ಸಭೆಯಲ್ಲಿದ್ದೇನೆ. 1833ರಲ್ಲಿ ಪ್ಯಾರಿಸ್ಸಿನ ಕಾಲೇಜು ಹುಡುಗರು ಶುರು ಮಾಡಿದ್ದು. ಮನೆ ಭೇಟಿಗೆ ಇಬ್ಬಿಬ್ಬರೇ ಹೋಗುವುದು ನಮ್ಮ ರೂಢಿ. ನನ್ನ ಅನುಭವದ ಒಂದು ಮಾತು: ದುಡ್ಡು ಕೊಡುವುದಾದರೆ ಅದು ಸಾಲವಾ, ಸುಮ್ನೆ ಕೊಡುವುದಾ ಅಂತ ಅಲ್ಲೇ ಬಾಯಿಬಿಟ್ಟು ಹೇಳಿ. ಹೇಳದೆ ಬಿಟ್ಟರೆ ನಿಮ್ಮನ್ನು ಕಂಡು ಅವನು ರಸ್ತೆಯ ಆಚೆ ಬದಿಗೆ ಹೋಗುತ್ತಾನೆ. ಮತ್ತೆ ವಾಟ್ಸಾಪ್ ಗ್ರೂಪಿನಲ್ಲಿ ಅವನ ಹೆಸರು ಹಾಕಿ "ಪ್ರಾರ್ಥಿಸಿ" ಅಂತ ಬರೆಯಬೇಡಿ, ದಮ್ಮಯ್ಯ.

ಬಂಡೆಯ ಮೇಲೆ:
ಎಲ್ಲ ಸರಿ, ಆದರೆ ಗಂಜಿ ಕೊಟ್ಟರೆ ಆತ್ಮ ಉಳಿಯುತ್ತದಾ? ಸಭೆಯಾಗಿ ಕೂಡುವುದನ್ನು ಬಿಡಬೇಡಿ ಅಂತ ಬೈಬಲಿನ ಇಬ್ರಿಯ ಪತ್ರದಲ್ಲೇ ಉಂಟು. ಚರ್ಚು ಬಿಟ್ಟದ್ದು ತಪ್ಪು ಅಂತ ಯಾರಾದರೂ ಅವನಿಗೆ ಹೇಳಬೇಕಲ್ಲ.

ಹಿಂದಿನ ಬೆಂಚು:
ಬಂಡೆಯವರೇ, ಅದೇ ಅಧ್ಯಾಯದಲ್ಲಿ ಸ್ವಲ್ಪ ಕೆಳಗೆ ಓದಿ. ಆ ಪತ್ರ ಬರೆದದ್ದು ಆಸ್ತಿ ಸುಲಿಗೆಯಾದವರಿಗೆ, ಸೆರೆಯಲ್ಲಿದ್ದವರ ನೋವು ಹಂಚಿಕೊಂಡವರಿಗೆ. ಹಾಜರಿ ಪುಸ್ತಕ ಅಲ್ಲ ಅದು.

ನಾನೂ ಎರಡು ವರ್ಷ ಚರ್ಚಿಗೆ ಹೋಗಲಿಲ್ಲ. ಜನ ಎಣಿಸಿದ್ದು ದೇವರ ಮೇಲೆ ಸಿಟ್ಟು ಅಂತ. ಸಿಟ್ಟು ಇರಲಿಲ್ಲ, ಜೇಬಿನಲ್ಲಿ ಹತ್ತು ರೂಪಾಯಿ ಇರಲಿಲ್ಲ. ಕಾಣಿಕೆ ಚೀಲ ಬರುವಾಗ ಖಾಲಿ ಮುಷ್ಟಿ ಒಳಗೆ ಹಾಕಿ ತೆಗೆದಿದ್ದೇನೆ, ಮೂರು ಭಾನುವಾರ. ನಾಲ್ಕನೆಯದಕ್ಕೆ ಹೋಗಲಿಲ್ಲ. ಆರಾಧನೆ ಮುಗಿದು ಹೊರಗೆ ಬಂದರೆ "ಈಗ ಎಂತ ಮಾಡ್ತಾ ಇದ್ದಿ?" ಅಂತ ಕೇಳುವವರು ಬೇರೆ.

ಆ ಎರಡು ವರ್ಷ ನಾನು ಮಾಡಿದ್ದು ಒಂದೇ. ರಾತ್ರಿ ಕೀರ್ತನೆ 88 ಓದಿ ಮಲಗುವುದು. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ "ಆದರೂ ಸ್ತುತಿಸುತ್ತೇನೆ" ಅಂತ ಇಲ್ಲ. ಆದರೂ ಅದು ಪ್ರಾರ್ಥನೆಯೇ, ಬೈಬಲಿನಲ್ಲೇ ಉಂಟು. ನನಗೆ ಅಷ್ಟು ಸಾಕಾಗಿತ್ತು. ಉದ್ಯಾವರದವರೇ, ನಿಮ್ಮ ಗೆಳೆಯ ಬಿಟ್ಟದ್ದು ದೇವರನ್ನಾ, ನಮ್ಮನ್ನಾ ಅಂತ ಮೊದಲು ನೋಡಿ.

ಉದ್ಯಾವರದವ:
ಮೂರು ವಾರ ಆಯಿತು, ಬರೆಯಲಿಕ್ಕೆ ತಡವಾಯಿತು. ಶನಿವಾರ ಮಧ್ಯಾಹ್ನ ನಾನೂ ನನ್ನ ಹೆಂಡತಿಯೂ ಹೋದೆವು. ಜೋರು ಮಳೆ. ಬೈಬಲ್ ಬ್ಯಾಗಿನಲ್ಲಿತ್ತು, ತೆಗೆಯಲಿಲ್ಲ. ನನ್ನವಳು ಅಮ್ಮನ ಹತ್ತಿರ ಕೂತಳು. ಅವನ ಹೆಂಡತಿ "ಐದು ನಿಮಿಷ" ಅಂತ ಅಡುಗೆಮನೆಯ ನೆಲದಲ್ಲೇ ತಲೆಯಿಟ್ಟವಳು ಸಂಜೆ ಆರರವರೆಗೆ ಏಳಲಿಲ್ಲ. ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರ ಅದು.

ನಾವಿಬ್ಬರು ಚಾವಡಿಯಲ್ಲಿ ಸೋರುವ ಕಡೆ ಬಕೆಟ್ ಇಡುವುದರಲ್ಲೇ ಇದ್ದೆವು. ಮಳೆ ಸ್ವಲ್ಪ ಬಿಟ್ಟಾಗ ಏಣಿ ಹಾಕಿ ಅವನು ಒಡೆದ ಹಂಚು ತೆಗೆದು ನನ್ನ ಕೈಗೆ ಕೊಟ್ಟ. ಅಜ್ಜನ ಕಾಲದ್ದು, ಪಾಚಿ ಉಜ್ಜಿದರೆ ಬಾಸೆಲ್ ಮಿಷನ್ ಅಂತ ಮುದ್ರೆ! ಸಭಾಪಾಲಕ ಅಯ್ಯನವರು ಇಲ್ಲಿ ಬರೆದದ್ದನ್ನು ನಾನು ಹೇಳಿದೆ. "ನೋಡು, ಮಿಷನ್ನಿನದ್ದೂ ಸೋರುತ್ತದೆ" ಅಂತ ನಕ್ಕ. ಅವನು ನಕ್ಕದ್ದು ಕಾಣದೆ ಎಷ್ಟು ತಿಂಗಳಾಗಿತ್ತೋ.

ಚರ್ಚಿನ ಮಾತು ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಹೊರಡುವಾಗ, ಮುಂದಿನ ಶನಿವಾರ ಬರುವುದಾದರೆ ಹತ್ತು ಹಂಚು ತರಲಿಕ್ಕೆ ಆಗುತ್ತದಾ ಅಂತ ಕೇಳಿದ. ಹೊಸದು ಅಳತೆಗೆ ಕೂರುವುದಿಲ್ಲವಂತೆ. ಜೆಪ್ಪು ಅಕ್ಕ, ಹಳೆ ಮನೆ ಕೆಡವಿದ ಹಂಚು ನಿಮ್ಮ ಕಡೆ ಎಲ್ಲಿ ಸಿಗುತ್ತದೆ, ಗೊತ್ತುಂಟಾ?